ಕೌರಿ ಕಾಡಿಗೆ ಹೊರಟಿರಾ? ಮೊದಲು ಬೂಟು ಮಗುಚಿ ನೋಡಿ

ನ್ಯೂಜಿಲೆಂಡಿನ ಉತ್ತರ ತುದಿಯ ಕಡೆ ಸುತ್ತಾಡಲು ಹೋದವರು ಕೌರಿ ಮರ ನೋಡದೆ ಬರುವುದು ಕಡಿಮೆ. ವೈಪೌವಾ ಕಾಡಿನ ‘ತಾನೆ ಮಹುತಾ’ 40 ಮೀಟರಿಗೂ ಎತ್ತರ ಬೆಳೆದ ಕೌರಿ ಮರ. ಇಂಥ ಮರಗಳನ್ನೇ ಕೊಲ್ಲುವ ಫೈಟೋಫ್ಥೋರಾ ಗುಂಪಿನ ರೋಗಾಣು ಅಲ್ಲಿನ ಮಣ್ಣಿನಲ್ಲಿದೆ. ಅದು ಬೇರು ಕೊಳೆಸುತ್ತದೆ. ನೀರು ಮೇಲೇರುವುದಿಲ್ಲ. ಎಲೆ ಹಳದಿಯಾಗಿ, ಕೊಂಬೆ ಬೋಳಾಗಿ, ಬುಡದಲ್ಲಿ ಅಂಟು ಸುರಿಯತೊಡಗುತ್ತದೆ. ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ. ಕಾಂಡಕ್ಕೆ ಫಾಸ್ಫೈಟ್ ಎಂಬ ರಾಸಾಯನಿಕ ಚುಚ್ಚಿದರೆ ರೋಗದ ವೇಗ ತಗ್ಗಬಹುದು, ಅಷ್ಟೆ.

ಗುಂಡುಸೂಜಿ ತಲೆಯಷ್ಟು ಮಣ್ಣಿದ್ದರೂ ರೋಗ ದಾಟುತ್ತದೆ. ಆ ಮಣ್ಣನ್ನು ಹೊತ್ತು ತಿರುಗುವವರಲ್ಲಿ ಕಾಡುಹಂದಿಗಳಿವೆ, ನಾವೂ ಇದ್ದೇವೆ.

ಕೆಲಸ ಶುರುವಾಗುವುದು ಮನೆಯಲ್ಲೇ. ಬೂಟು ಮಗುಚಿ, ಅಡಿಯ ಗೀರುಗಳಲ್ಲಿ ಕೂತ ಮಣ್ಣನ್ನು ಕಡ್ಡಿಯಿಂದ ಕೆರೆದು ತೆಗೆಯಿರಿ. ಆಮೇಲೆ ಗಡಸು ಬ್ರಷ್‌ನಿಂದ ಉಜ್ಜಿ. ಲೇಸಿನ ಗಂಟು, ಪ್ಯಾಂಟಿನ ಮಡಿಕೆ, ಊರುಗೋಲಿನ ತುದಿ, ಟೆಂಟಿನ ಗೂಟ, ಸೈಕಲ್ ಚಕ್ರ ಇವನ್ನೂ ಬಿಡಬೇಡಿ. ಉದುರಿದ ಮಣ್ಣನ್ನು ಕೈತೋಟಕ್ಕೆ ಎಸೆಯದೆ ಚೀಲಕ್ಕೆ ಹಾಕಿ ಕಸದ ಡಬ್ಬಿಗೆ ಸೇರಿಸಿ. ಕೊಳ್ಳುವುದಾದರೆ ಗೀರು ಕಡಿಮೆಯಿರುವ ಬೂಟು ಕೊಳ್ಳಿ, ಅರ್ಧ ಕಷ್ಟ ಅಲ್ಲೇ ಕಳೆಯುತ್ತದೆ.

ಕಾಡಿನ ಬಾಗಿಲಲ್ಲಿ ಬ್ರಷ್, ಸ್ಪ್ರೇ ಎರಡೂ ಇರುತ್ತವೆ. ಜಾಸ್ತಿ ಜನ ಎಡವುವುದು ಇಲ್ಲೇ. ಸುಮ್ನೆ ಸ್ಪ್ರೇ ಹೊಡೆದುಕೊಂಡು ಮುಂದೆ ನಡೆದುಬಿಡುತ್ತಾರೆ. ಸ್ಪ್ರೇಯಲ್ಲಿರುವ ಸೋಂಕುನಾಶಕ ಮಣ್ಣಿನ ಹೆಂಟೆಯೊಳಗೆ ಇಳಿಯುವುದಿಲ್ಲ. ರೋಗಾಣುವಿನ, ನೀರಲ್ಲಿ ಈಜಾಡುವ ಬೀಜಕಣಗಳನ್ನು ಅದು ಕೊಲ್ಲುತ್ತದೆ, ನಿಜ. ಆದರೆ ದಪ್ಪ ಕವಚದ ಇನ್ನೊಂದು ಬಗೆ ಇದೆ. ಅವು ಸುಲಭಕ್ಕೆ ಸಾಯುವುದಿಲ್ಲ, ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರುತ್ತವೆ. ಅದಕ್ಕೇ ನನ್ನ ಪ್ರಕಾರ ಮುಕ್ಕಾಲು ಕೆಲಸ ಬ್ರಷ್‌ನದು. ಮಣ್ಣು ಪೂರ್ತಿ ಹೋದ ಮೇಲೆ ಅಡಿಭಾಗ ಚೆನ್ನಾಗಿ ತೋಯುವಂತೆ ಸ್ಪ್ರೇ ಮಾಡಿ. ಹೊರಬರುವಾಗಲೂ ಇದೇ ಕೆಲಸ, ಇದೇ ಕ್ರಮ. ಇದು ಬರೀ ಸಲಹೆಯಲ್ಲ. 2022ರಲ್ಲಿ ಜಾರಿಗೆ ಬಂದ ರಾಷ್ಟ್ರೀಯ ನಿಯಮದಂತೆ ಮಣ್ಣು ಮೆತ್ತಿದ ಬೂಟಿನಲ್ಲಿ ಕೌರಿ ಕಾಡಿಗೆ ಕಾಲಿಡುವಂತಿಲ್ಲ.

ಒಳಗೆ ಹೋದ ಮೇಲೆ ದಾರಿ ಬಿಟ್ಟು ಇಳಿಯಬೇಡಿ. ಮರದಿಂದ ದೂರವೇ ಇದ್ದೇವಲ್ಲ ಅಂತ ಅನಿಸಬಹುದು. ಆದರೆ ಕೌರಿಯ ಸಣ್ಣ ಬೇರುಗಳು ನೆಲದ ಮೇಲ್ಪದರದಲ್ಲೇ ಹರಡಿ, ಕೊಂಬೆಗಳ ಹರವಿನಾಚೆಗೂ ಬಹುದೂರ ಚಾಚಿರುತ್ತವೆ. ಹಲವು ಕಡೆ ಮರದ ಹಲಗೆಯ ಕಾಲುದಾರಿ ಮಾಡಿರುವುದು ಅದಕ್ಕೇ. ನಾಯಿ ಜೊತೆಗಿದ್ದರೆ ಹಗ್ಗ ಬಿಚ್ಚಬೇಡಿ, ಅದರ ಪಾದಗಳನ್ನೂ ಉಜ್ಜಿ.

ದಾರಿ ಮುಚ್ಚಿದ್ದರೆ ಬೇಲಿ ಹಾರುವ ಮಾತೇ ಬೇಡ. ಆಕ್ಲೆಂಡ್ ಬಳಿಯ ವೈತಾಕೆರೆ ಕಾಡಿಗೆ ಯಾರೂ ಹೋಗಬಾರದೆಂದು ಅಲ್ಲಿನ ಮೂಲನಿವಾಸಿ ಮಾವೋರಿಗಳು 2017ರಲ್ಲಿ ತಮ್ಮ ಸಂಪ್ರದಾಯದಂತೆ ‘ರಾಹುಯಿ’ ಎಂಬ ನಿಷೇಧ ಹಾಕಿದರು. ಮರುವರ್ಷ ನಗರಾಡಳಿತವೂ ಕಾಡು ಮುಚ್ಚಿತು. ಆಮೇಲೆ ಕೆಲವು ದಾರಿಗಳನ್ನು ದುರಸ್ತಿ ಮಾಡಿ ತೆರೆದಿದ್ದಾರೆ. ಹೊರಡುವ ಮುನ್ನ ಯಾವುದು ತೆರೆದಿದೆ ಅಂತ ನೋಡಿಕೊಳ್ಳಿ.

ಅಂಟು ಸುರಿಯುವ ಮರ ಕಂಡರೆ ಹತ್ತಿರ ಹೋಗಿ ಮುಟ್ಟಬೇಡಿ. ದಾರಿಯಲ್ಲೇ ನಿಂತು ಫೋಟೋ ತೆಗೆದು, ಜಾಗ ಗುರುತು ಹಾಕಿಕೊಂಡು ಅಲ್ಲಿನ ಸ್ಥಳೀಯಾಡಳಿತಕ್ಕೆ (ಕೌನ್ಸಿಲ್) ಕಳಿಸಿ.