ಬಚ್ಚಲ ಹಿಂದಿನ ಬಸಳೆ ಗ್ಯಾಲರಿಗೆ

ಊರಿನಲ್ಲಿ ಬಚ್ಚಲ ಹಿಂದಿನ ಬಾಳೆ, ಕೆಸು, ಬಸಳೆಗೆ ಯಾರೂ ಅಂಗಡಿಯ ಗೊಬ್ಬರ ಹಾಕಿದ್ದನ್ನು ನಾನು ಕಂಡಿಲ್ಲ. ಮಿಂದ ನೀರು, ಮೀನು ತೊಳೆದ ನೀರು ಎಲ್ಲ ಅವುಗಳ ಬುಡಕ್ಕೇ ಹೋಗುತ್ತಿತ್ತು. ಮುಂಬೈ ಬಳಿಯ ಡೊಂಬಿವಲಿಯ ನಮ್ಮ ಫ್ಲ್ಯಾಟಿನಲ್ಲಿ ಅದೇ ನೀರು ಸಿಂಕಿನಿಂದ ಗಟಾರ ಸೇರುತ್ತದೆ. ಗ್ಯಾಲರಿಯಲ್ಲಿ (ಬಾಲ್ಕನಿಯಲ್ಲಿ) ಪೇಂಟ್ ಡಬ್ಬಿಗಳಲ್ಲಿ ಬೆಳೆಸುವ ಗಿಡಗಳಿಗೆ ನಾವು ಗೊಬ್ಬರದ ಪ್ಯಾಕೆಟ್ ಕೊಳ್ಳುತ್ತೇವೆ. ಆ ಗೊಬ್ಬರದ ರಂಜಕಕ್ಕೆ (ಫಾಸ್ಫರಸ್) ಬೇಕಾದ ಕಲ್ಲನ್ನು ನಮ್ಮ ದೇಶ ಬಹುಪಾಲು ಹೊರಗಿನಿಂದ ತರಿಸುತ್ತದೆ.

ಮನೆಯ ನೀರನ್ನೇ ಗೊಬ್ಬರವಾಗಿ ಬಳಸಲು ಮೊದಲು ಅದನ್ನು ಬೇರೆ ಮಾಡಿ. ಸಿಂಕಿನ ಪಕ್ಕ ಒಂದು ಬಕೆಟ್ ಇಡಿ. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರು ಅದಕ್ಕೆ. ಸಾಬೂನು, ಉಪ್ಪು, ಎಣ್ಣೆ ಸೇರಿದ ನೀರು ಬೇಡವೇ ಬೇಡ. ಊರಿನ ವಿಶಾಲ ನೆಲ ಸಾಬೂನಿನ ನೀರನ್ನು ತಾಳಿಕೊಂಡಿತು. 20 ಲೀಟರಿನ ಪೇಂಟ್ ಡಬ್ಬಿಯಲ್ಲಿ ಅದರ ಸೋಡಿಯಂ ಮಣ್ಣಲ್ಲೇ ಉಳಿಯುತ್ತದೆ. ಡಬ್ಬಿಯ ಅಂಚಿನಲ್ಲಿ ಬಿಳಿ ಪೊರೆ ಕಟ್ಟಿ, ಎಲೆಯ ತುದಿ ಸುಟ್ಟಂತಾದರೆ ತಳದಿಂದ ಧಾರಾಳವಾಗಿ ಹರಿಯುವಷ್ಟು ಬರೀ ನೀರು ಹಾಕಿ.

ಅಕ್ಕಿ ತೊಳೆದ ನೀರನ್ನು ಅಂದೇ ಹಾಕಿ, ಮರುದಿನಕ್ಕೆ ಹುಳಿಯುತ್ತದೆ.

ಮೀನಿನ ನೀರಿಗೆ ಎಚ್ಚರ ಬೇಕು. ನಾನೊಮ್ಮೆ ಬಂಗುಡೆ ತೊಳೆದ ನೀರನ್ನು ಹಾಗೇ ಸುರಿದೆ. ಮೂರನೇ ದಿನ ಹುಳ, ಕೆಳಗಿನ ಮನೆಯವರಿಗೆ ವಾಸನೆ. ಈಗ ಜರಡಿಯಲ್ಲಿ ಸೋಸಿ, ಐದು ಪಾಲು ನೀರು ಬೆರೆಸಿ, ಬುಡದಲ್ಲಿ ಮಣ್ಣು ಕೆದಕಿ ಹೊಯ್ದು ಮುಚ್ಚುತ್ತೇನೆ. ಮೇಲೆ ಕಬ್ಬಿನ ರಸದ ಗಾಡಿಯವರು ಎಸೆಯುವ ಸಿಪ್ಪೆಯನ್ನು ಒಣಗಿಸಿ ಹರಡುತ್ತೇನೆ. ವಾಸನೆ ಅಲ್ಲೇ ಅಡಗುತ್ತದೆ.

ಇನ್ನು ಮೂತ್ರ. ಹೇಳಲು ಸಂಕೋಚವಾದರೂ ಹೇಳಲೇಬೇಕು, ಏಕೆಂದರೆ ಮನೆಯ ಕೊಳಚೆ ನೀರಿನಲ್ಲಿರುವ, ಗಿಡಕ್ಕೆ ಬೇಕಾದ ಸಾರಜನಕದ (ನೈಟ್ರೋಜನ್) ಬಹುಪಾಲು ಬರುವುದು ಇದರಿಂದಲೇ. ಆರೋಗ್ಯವಂತರದ್ದು ಮಾತ್ರ, ಔಷಧಿ ತೆಗೆದುಕೊಳ್ಳುವವರದ್ದು ಬೇಡ. ಬಿಗಿ ಮುಚ್ಚಳದ ಬಾಟಲಿಯಲ್ಲಿಡಿ, ಇಲ್ಲದಿದ್ದರೆ ಸಾರಜನಕ ಅಮೋನಿಯಾ ಆಗಿ ಹಾರಿಹೋಗುತ್ತದೆ. ಕೆಲವು ದಿನಗಳಲ್ಲಿ ತಳದಲ್ಲಿ ಬಿಳಿ ಗಸಿ ಕೂರುತ್ತದೆ. ಕೊಳೆಯೆಂದು ಚೆಲ್ಲಬೇಡಿ, ಅದರಲ್ಲಿ ರಂಜಕವಿದೆ, ಕುಲುಕಿ ಬಳಸಿ. ಒಂದು ಲೋಟಕ್ಕೆ ಹತ್ತು ಲೋಟ ನೀರು ಬೆರೆಸಿ, ಡಬ್ಬಿಗೆ ವಾರಕ್ಕೊಮ್ಮೆ ಒಂದು ಲೀಟರ್, ಎಲೆಗೆ ತಾಗದಂತೆ ಮಣ್ಣಿಗೆ. ಆಮೇಲೆ ಕೈ ತೊಳೆಯಿರಿ.

ವಿಶ್ವ ಆರೋಗ್ಯ ಸಂಸ್ಥೆಯ 2006ರ ಮಾರ್ಗಸೂಚಿಯ ಪ್ರಕಾರ ಮನೆಯವರ ಮೂತ್ರವನ್ನು ಮನೆಯ ಬೆಳೆಗೇ ಬಳಸುವುದಾದರೆ ತಿಂಗಳುಗಟ್ಟಲೆ ಶೇಖರಿಸಿಡಬೇಕಿಲ್ಲ. ಆದರೆ ಕೊನೆಯ ಸಲ ಹಾಕಿದ ಮೇಲೆ ಕೊಯ್ಲಿಗೆ ಒಂದು ತಿಂಗಳ ಅಂತರ ಬೇಕು. ಹಾಗಾಗಿ ಹಸಿಯಾಗಿ ತಿನ್ನುವ ಕೊತ್ತಂಬರಿ, ಪುದೀನಕ್ಕೆ ಹಾಕಲೇಬೇಡಿ. ಬದನೆ, ಮೆಣಸಿಗೆ ಹೂ ಬಿಡುವ ಮೊದಲೇ ನಿಲ್ಲಿಸಿ. ಬಸಳೆಗೆ ಬಳ್ಳಿ ಗ್ರಿಲ್ ಮುಟ್ಟುವವರೆಗೆ ಸಾಕು, ತಿಂಗಳು ಕಳೆದು ಕೊಯ್ಯಲು ಶುರುಮಾಡಿ. ಅಲ್ಲಿಂದ ಮುಂದೆ ಅಕ್ಕಿ ತೊಳೆದ ನೀರೇ.

ಮುಂಬೈ ಮಳೆಗಾಲದಲ್ಲಿ, ಇರಿಚಲು ಹೊಡೆಯುವ ಗ್ಯಾಲರಿಯಲ್ಲಿ ಇದ್ಯಾವುದನ್ನೂ ಹಾಕಬೇಡಿ. ಸಾರವೆಲ್ಲ ತೊಳೆದು ಕೆಳಗಿನವರ ಗೋಡೆಗೆ ಇಳಿಯುತ್ತದೆ. ಅಕ್ಟೋಬರ್ ಬಿಸಿಲು ಬಂದಾಗ, ಸಾರಿಗೆಂದು ತಂದ ಬಸಳೆಯಲ್ಲಿ ಬಲಿತ ಒಂದು ದಂಟನ್ನು ತೆಗೆದಿಡಿ. ಎರಡು ಗೆಣ್ಣು ಮಣ್ಣೊಳಗೆ, ಎರಡು ಮೇಲೆ. ಹೊಸ ಚಿಗುರು ಕಾಣುವವರೆಗೆ ಬರೀ ನೀರು.