ಮೆತ್ತನೆಯ ಅಲ್ಯೂಮಿನಿಯಂ ಶೀಟಿಗೆ ಮೂರು ಪಟ್ಟು ಬಲ ಬರಿಸುವುದು

ಕೋಲಾರ ಜಿಲ್ಲೆಯ ವೇಮಗಲ್, ಮಾಲೂರು ಕಡೆಯ ವರ್ಕ್‌ಶಾಪ್‌ನವರಿಗೆ 1100 ದರ್ಜೆಯ ಅಲ್ಯೂಮಿನಿಯಂ ಶೀಟು ಗೊತ್ತೇ ಇದೆ: ಕೈಯಲ್ಲೇ ಬಾಗುತ್ತದೆ. ಬೇರೆ ಲೋಹ ಬೆರೆಸದೆ, ದಪ್ಪವೂ ಇಳಿಯದಂತೆ ಅದಕ್ಕೆ ಬಲ ತುಂಬಬಹುದು. ಎರಡು ಶೀಟು ಜೋಡಿಸಿ ರೋಲಿಂಗ್ ಮಿಲ್‌ಗೆ ಕೊಡಿ, ಕತ್ತರಿಸಿ, ಮತ್ತೆ ಜೋಡಿಸಿ ಕೊಡಿ. ಜಪಾನಿನ ಸೈಟೊ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ವಿಧಾನವಿದು. ಎಂಟು ಸುತ್ತಿನಲ್ಲಿ ಕರ್ಷಣ ಬಲ (ಎಳೆದಾಗ ಹರಿಯದೆ ತಡೆಯುವ ಶಕ್ತಿ) ಸುಮಾರು 85ರಿಂದ 300 ಮೆಗಾಪಾಸ್ಕಲ್‌ಗೆ ಏರುತ್ತದೆ. ಲೋಹದೊಳಗಿನ ಸ್ಫಟಿಕ ಕಣಗಳು ಒಡೆದು ಒಂದು ಮೈಕ್ರಾನಿಗಿಂತ ಸಣ್ಣದಾಗುತ್ತವೆ. ಕಣದಂಚುಗಳು ಹೆಚ್ಚಿದಷ್ಟೂ ಕಣದೊಳಗಿನ ಪರಮಾಣು ಸಾಲುಗಳು ಜಾರುವುದು ಕಷ್ಟ.

1 ಮಿ.ಮೀ. ದಪ್ಪ, 20 ಮಿ.ಮೀ. ಅಗಲದ ಎರಡು ಪಟ್ಟಿ ತೆಗೆದುಕೊಳ್ಳಿ. ಅಂಟಬೇಕಾದ ಮುಖಗಳನ್ನು ಅಸಿಟೋನ್‌ನಿಂದ ಒರೆಸಿ ಜಿಡ್ಡು ತೆಗೆಯಿರಿ, ಆಮೇಲೆ ಸ್ಟೇನ್‌ಲೆಸ್ ವೈರ್ ಬ್ರಷ್‌ನಿಂದ ಉಜ್ಜಿ. ಈ ಕ್ರಮ ತಿರುಗಿಸಿದರೆ ಬ್ರಷ್ಷೇ ಜಿಡ್ಡನ್ನು ಲೋಹಕ್ಕೆ ತಿಕ್ಕಿಬಿಡುತ್ತದೆ. ಉಜ್ಜಿದ ಮುಖ ಮುಟ್ಟಬೇಡಿ, ತೊಳೆಯಲೂ ಬೇಡಿ: ಕೋಲಾರದ ಬೋರ್‌ವೆಲ್ ನೀರು ಗಡಸು, ಆರಿದ ಮೇಲೆ ಉಳಿಯುವ ಬಿಳಿ ಕಲೆ ಅಂಟನ್ನು ಕೆಡಿಸುತ್ತದೆ. ರಸ್ತೆಯ ಧೂಳು ಬರುವ ಬಾಗಿಲೂ ಮುಚ್ಚಿರಲಿ. ಅಲ್ಯೂಮಿನಿಯಂ ಪುಡಿಗೆ ಕಿಡಿ ತಗುಲಿದರೆ ಬೆಂಕಿ ಹೊತ್ತುತ್ತದೆ, ಗ್ರೈಂಡರ್ ಹತ್ತಿರ ಈ ಕೆಲಸ ಖಂಡಿತ ಬೇಡ.

ಉಜ್ಜಿದ ಮುಖಗಳನ್ನು ಎದುರುಬದುರಾಗಿ ಇಟ್ಟು ತುದಿಗಳನ್ನು ತಂತಿಯಿಂದ ಬಿಗಿದು, 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಐದು ನಿಮಿಷ ಬಿಡಿ. ತೆಗೆದ ತಕ್ಷಣ, ಎಣ್ಣೆ ಹಚ್ಚದೆ, ಒಂದೇ ಪಾಸ್‌ನಲ್ಲಿ (ರೋಲರ್‌ಗಳ ನಡುವೆ ಒಂದೇ ಸಲ ಹಾಯಿಸಿ) 2 ಮಿ.ಮೀ.ಯಿಂದ 1 ಮಿ.ಮೀ.ಗೆ ಇಳಿಸಿ. ಹೆಚ್ಚಿನವರು ಎಡವುವುದು ಇಲ್ಲಿಯೇ. ಮಿಲ್ ಎಳೆಯುವುದಿಲ್ಲವೆಂದು ಎರಡು ಮೂರು ಸಣ್ಣ ಪಾಸ್ ಕೊಟ್ಟರೆ ಪದರಗಳು ಅಂಟುವುದಿಲ್ಲ. ಗಾಳಿ ತಾಗಿ ಮೇಲ್ಮೈಯಲ್ಲಿ ಕಟ್ಟುವ ಆಕ್ಸೈಡ್ ಪೊರೆ ಬಿರಿದು ಒಳಗಿನ ಹೊಸ ಲೋಹ ಲೋಹಕ್ಕೆ ತಾಗಲು ಒಂದೇ ಸಲದ ದೊಡ್ಡ ಒತ್ತಡ ಬೇಕು. ಅದಕ್ಕಾಗಿ ಮೋಟರ್ ಮಿಲ್ಲೇ ಇರಲಿ, ಅಕ್ಕಸಾಲಿಗರ ಕೈ ಮಿಲ್ ಸಾಲದು. ರೋಲರ್ ಹಿಡಿಯದಿದ್ದರೆ ಪಟ್ಟಿಯ ಮುಂದಿನ ತುದಿಯನ್ನು ಫೈಲ್‌ನಿಂದ ಓರೆಯಾಗಿ ತೇಯಿರಿ.

ಬಂದ ಪಟ್ಟಿಯ ಅಂಚಿನಲ್ಲಿ ಬಿರುಕಿದ್ದರೆ ಅಷ್ಟನ್ನೂ ಕತ್ತರಿಸಿ ಹಾಕಿ. ಬಿಟ್ಟರೆ ಮುಂದಿನ ಸುತ್ತಿನಲ್ಲಿ ಒಳಕ್ಕೆ ಓಡುತ್ತದೆ. ನಡುವೆ ತುಂಡರಿಸಿ, ಮೊದಲಿನಂತೆಯೇ ಒರೆಸಿ, ಉಜ್ಜಿ, ಜೋಡಿಸಿ, ಬಿಸಿ ಮಾಡಿ ಮಿಲ್‌ಗೆ ಕೊಡಿ. ಎಂಟನೆಯ ಸುತ್ತಿಗೆ 1 ಮಿ.ಮೀ.ಯೊಳಗೆ 256 ಪದರ. ತುದಿಯನ್ನು ವೈಸ್‌ನಲ್ಲಿ ಹಿಡಿದು ಹಿಂದೆ ಮುಂದೆ ಬಾಗಿಸಿ ನೋಡಿ, ಅಂಟು ಸರಿಯಿಲ್ಲದಿದ್ದರೆ ಪದರ ಬಾಯಿ ಬಿಡುತ್ತದೆ.

ಬಲ ಏರಿದಂತೆ ಹಿಗ್ಗುವ ಗುಣ ಮೊದಲ ಸುತ್ತಿನಲ್ಲೇ ತೀರಾ ಇಳಿಯುತ್ತದೆ, ಆದ್ದರಿಂದ ಆಳವಾಗಿ ಒತ್ತಿ ಮಾಡುವ ಪಾತ್ರೆಗೆ ಇದು ಒಗ್ಗದು. ವೆಲ್ಡ್ ಮಾಡಬೇಡಿ. 300 ಡಿಗ್ರಿ ದಾಟಿ ಬಿಸಿಯಾದರೆ ಕಣಗಳು ಮತ್ತೆ ಬೆಳೆದು ಶೀಟು ಮೆತ್ತಗಾಗುತ್ತದೆ.