ಬಿಟ್‌ವಾರ್ಡನ್ 'ಪಾಸ್‌ವರ್ಡ್ ತಪ್ಪು' ಅಂದರೆ ಮೊದಲು ಇಷ್ಟು ನೋಡಿ

ಸ್ನೇಹಿತರೇ, ಬಿಟ್‌ವಾರ್ಡನ್ ಅಂದರೆ ನಮ್ಮ ಪಾಸ್‌ವರ್ಡ್‌ಗಳನ್ನೆಲ್ಲ ಕಾಪಾಡಿಡುವ ಆ್ಯಪ್. ಅದನ್ನು ತೆರೆಯುವ ಮುಖ್ಯ ಪಾಸ್‌ವರ್ಡ್, ಅಂದರೆ ಮಾಸ್ಟರ್ ಪಾಸ್‌ವರ್ಡ್, ಸರಿಯಾಗಿಯೇ ಹಾಕಿದರೂ ಒಪ್ಪುತ್ತಿಲ್ವಾ? ಗಾಬರಿ ಬೇಡ. ಲಾಗಿನ್ ಪರದೆಯಲ್ಲಿ ಯಾವ ಸರ್ವರ್ ಇದೆ ನೋಡಿ. ಬಿಟ್‌ವಾರ್ಡನ್ ಡಾಟ್ ಕಾಮ್ ಬೇರೆ, ಡಾಟ್ ಇಯು ಬೇರೆ. ಒಂದರಲ್ಲಿ ತೆರೆದ ಖಾತೆ ಇನ್ನೊಂದರಲ್ಲಿ ಸಿಗುವುದಿಲ್ಲ. ಹೊಸ ಫೋನಿಗೆ ಆ್ಯಪ್ ಹಾಕಿದಾಗ ಇದೇ ಎಡವಟ್ಟು ಜಾಸ್ತಿ.

ಆಮೇಲೆ ಕಣ್ಣಿನ ಚಿಹ್ನೆ ಒತ್ತಿ, ಟೈಪ್ ಮಾಡಿದ್ದನ್ನು ಓದಿ. ಕೀಬೋರ್ಡ್ ಕನ್ನಡದಲ್ಲೇ ಉಳಿದಿರಬಹುದು, ಕೊನೆಯಲ್ಲೊಂದು ಸ್ಪೇಸ್ ಸೇರಿರಬಹುದು.

ಒಂದು ಮಾತು ದಯವಿಟ್ಟು ನೆನಪಿಡಿ. ಪಾಸ್‌ವರ್ಡ್ ನಿಜಕ್ಕೂ ಮರೆತಿದ್ದು, ಬೆರಳಚ್ಚಿನಿಂದ ಆ್ಯಪ್ ಇನ್ನೂ ತೆರೆಯುತ್ತಿದ್ದರೆ, ಲಾಗೌಟ್ ಮಾಡಲೇಬೇಡಿ, ಅನ್‌ಇನ್‌ಸ್ಟಾಲ್ ಕೂಡ ಬೇಡ. ಮೊದಲು ಬ್ಯಾಂಕ್, ಇಮೇಲ್ ಪಾಸ್‌ವರ್ಡ್‌ಗಳನ್ನು ಕೈಯಲ್ಲೇ ಬರೆದುಕೊಳ್ಳಿ. ಮಾಸ್ಟರ್ ಪಾಸ್‌ವರ್ಡ್ ಕಂಪನಿಯವರ ಹತ್ತಿರವೂ ಇರುವುದಿಲ್ಲ, ಕೇಳಿದರೂ ಕೊಡಲಾರರು.

ಪಾಸ್‌ವರ್ಡ್ ಆದಮೇಲೆ ಕೇಳುವ 6 ಅಂಕಿಯ ಅಥೆಂಟಿಕೇಟರ್ ಕೋಡ್ (ಫೋನಿನ ಅಥೆಂಟಿಕೇಟರ್ ಆ್ಯಪ್ ತೋರಿಸುವ ಸಂಖ್ಯೆ) ತಪ್ಪು ಅಂತ ಬಂದರೆ ಫೋನಿನ ಗಡಿಯಾರ ನೋಡಿ. ಆ ಕೋಡ್ ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಸಮಯ ಸ್ವಲ್ಪ ಹಿಂದೆಮುಂದೆ ಆದರೂ ಹೊಂದುವುದಿಲ್ಲ. ಸಮಯವನ್ನು ಆಟೋಮ್ಯಾಟಿಕ್‌ಗೆ ಇಟ್ಟರೆ ಸಾಕು.

ಪಾಸ್‌ವರ್ಡ್ ತಾನಾಗಿ ತುಂಬಿಕೊಳ್ಳದಿದ್ದರೆ ಆಂಡ್ರಾಯ್ಡ್ ಸೆಟ್ಟಿಂಗ್ಸ್‌ನಲ್ಲಿ 'ಆಟೋಫಿಲ್' ಅಂತ ಹುಡುಕಿ, ಅಲ್ಲಿ ಗೂಗಲ್ ಬದಲು ಬಿಟ್‌ವಾರ್ಡನ್ ಆರಿಸಿ.